ಹಿತ್ತಲ ಕೋಳಿಯಿಂದ ಫಾರಂ ಕೋಳಿಯವರೆಗೆ: ಮನೆಯಂಗಳದ ಒಂದು ಚರಿತ್ರೆ

ಧರ್ಮಕೇಂದ್ರವೊಂದರ ಶತಮಾನದ ಚರಿತ್ರೆಯನ್ನು ಬರೆಯಹೊರಟವರು ದೇವಾಲಯದ ಗೋಪುರ, ಅದರ ಗಂಟೆ, ಇಲ್ಲಿ ಸೇವೆ ಸಲ್ಲಿಸಿದ ಗುರುಗಳು ಹಾಗೂ ಕನ್ಯಾಸ್ತ್ರೀಯರನ್ನು ಕುರಿತು ಬರೆಯುವುದು ವಾಡಿಕೆ. ಅದು ಯುಕ್ತವೂ ಹೌದು. ಆದರೆ ಪ್ರಾತಃಕಾಲದ ಗಂಟೆಗೂ ಮೊದಲೇ ಎದ್ದು ಕೂಗಿ, ಮನೆಮಂದಿಯನ್ನು ಬಲಿಪೂಜೆಗೆ ಎಬ್ಬಿಸುತ್ತಿದ್ದ ಜೀವಿಯೊಂದು ಪ್ರತಿ ಬಡವನ ಅಂಗಳದಲ್ಲೂ ಇತ್ತು. ಆ ಕೋಳಿ ಕಳೆದ ನೂರು ವರ್ಷಗಳಲ್ಲಿ ಅಂಗಳವನ್ನು ಬಿಟ್ಟು ಹೇಗೆ ದೊಡ್ಡ ಕೊಟ್ಟಿಗೆಗಳನ್ನು ಸೇರಿತು, ಅದರಿಂದ ಸಣ್ಣ ಹಿಡುವಳಿಯ ಕುಟುಂಬಗಳು ಪಡೆದುದೇನು, ಕಳೆದುಕೊಂಡುದೇನು ಎಂಬುದನ್ನು ಅವಲೋಕಿಸುವುದೇ ಪ್ರಸ್ತುತ ಲೇಖನದ ಉದ್ದೇಶ.

ಕಾಡಿನಿಂದ ಅಂಗಳಕ್ಕೆ

ಇಂದು ಜಗತ್ತಿನಾದ್ಯಂತ ಸಾಕುವ ಕೋಳಿಯ ಮೂಲ ಆಗ್ನೇಯ ಏಷ್ಯದ ಕೆಂಪು ಕಾಡುಕೋಳಿ. ನಿಸ್ಸಂದೇಹವಾಗಿ ಸಾಕುಕೋಳಿಯದೆಂದು ಹೇಳಬಹುದಾದ ಅತಿ ಹಳೆಯ ಮೂಳೆಗಳು ಥಾಯ್ಲೆಂಡಿನ ಬಾನ್ ನಾನ್ ವಾಟ್ ಎಂಬ ನೆಲೆಯಲ್ಲಿ ದೊರೆತಿದ್ದು, ಅವು ಕ್ರಿ.ಪೂ. 1650 ರಿಂದ 1250ರ ಅವಧಿಗೆ ಸೇರಿದವೆಂದು 2022ರಲ್ಲಿ ಪ್ರಕಟವಾದ ಸಂಶೋಧನೆ ತಿಳಿಸುತ್ತದೆ. ಭತ್ತ ಹಾಗೂ ಕಿರುಧಾನ್ಯಗಳ ಬೇಸಾಯ ಹರಡಿದ ಕಡೆಗಳಲ್ಲಿ ಚೆಲ್ಲಿದ ಕಾಳನ್ನು ಅರಸಿ ಕಾಡುಕೋಳಿ ತಾನಾಗಿಯೇ ಮನುಷ್ಯನ ಬಳಿಗೆ ಬಂದಿತೆಂಬುದು ವಿದ್ವಾಂಸರ ಅಭಿಪ್ರಾಯ. ಕಣದಲ್ಲಿ ಭತ್ತ ಬಡಿಯುವಾಗ ಸುತ್ತ ಸೇರುವ ಕೋಳಿಗಳನ್ನು ಕಂಡವರಿಗೆ ಈ ಮಾತನ್ನು ನಂಬುವುದು ಕಷ್ಟವಲ್ಲ.

ಈ ಚರಿತ್ರೆಯಲ್ಲಿ ನಮ್ಮ ನಾಡಿನ ಪಾಲೂ ಇದೆ. ಸಾಕುಕೋಳಿಯ ಕಾಲು ಮತ್ತು ಚರ್ಮದ ಹಳದಿ ಬಣ್ಣಕ್ಕೆ ಕಾರಣವಾದ ವಂಶವಾಹಿ ಕೆಂಪು ಕಾಡುಕೋಳಿಯಿಂದ ಬಂದುದಲ್ಲ. ಅದು ದಕ್ಷಿಣ ಭಾರತದ ಬೂದು ಕಾಡುಕೋಳಿಯ ಕೊಡುಗೆ ಎಂದು 2008ರಲ್ಲಿ ಸಿದ್ಧಪಟ್ಟಿತು. ಮಲೆನಾಡು ಹಾಗೂ ಕೊಡಗಿನ ಕಾಡಂಚುಗಳಲ್ಲಿ ಇಂದಿಗೂ ಕೂಗುವ ಆ ಹಕ್ಕಿಯ ರಕ್ತ ಜಗತ್ತಿನ ದೂರದ ಮೂಲೆಗಳ ಕೋಳಿಗಳಲ್ಲಿಯೂ ಹರಿಯುತ್ತಿದೆ.

ಪವಿತ್ರ ನಾಡು ಹಾಗೂ ಉಪವಾಸದ ದಿನಗಳು

ಸಂತ ಪೇತ್ರನನ್ನು ಎಚ್ಚರಿಸಿದ ಕೋಳಿಯ ಕೂಗನ್ನೂ, ಯೇಸುಸ್ವಾಮಿ ಜೆರುಸಲೇಮನ್ನು ಕುರಿತು ಮರುಗುತ್ತಾ ಹೇಳಿದ ತಾಯಿಕೋಳಿಯ ಹೋಲಿಕೆಯನ್ನೂ ನಾವೆಲ್ಲರೂ ಬಲ್ಲೆವು. ಪವಿತ್ರ ನಾಡಿನ ಜನರಿಗೆ ಕೋಳಿ ಆ ವೇಳೆಗೆ ಹೊಸತಾಗಿರಲಿಲ್ಲ. ಅಲ್ಲಿನ ಮರೇಶಾ ಎಂಬ ಪ್ರಾಚೀನ ಪಟ್ಟಣದ ಉತ್ಖನನದಲ್ಲಿ, ಯೇಸುವಿನ ಕಾಲಕ್ಕೆ ಕೆಲವು ಶತಮಾನಗಳ ಹಿಂದಿನ ಸಾವಿರಕ್ಕೂ ಹೆಚ್ಚು ಕೋಳಿಮೂಳೆಗಳು ದೊರೆತಿವೆ. ಅವುಗಳ ಮೇಲಿನ ಕತ್ತಿಯ ಗುರುತುಗಳಿಂದ, ಕೋಳಿಯನ್ನು ಮಾಂಸಕ್ಕಾಗಿಯೇ ದೊಡ್ಡ ಪ್ರಮಾಣದಲ್ಲಿ ಸಾಕುತ್ತಿದ್ದರೆಂದು ಸಂಶೋಧಕರು ನಿರ್ಧರಿಸಿದ್ದಾರೆ.

ಯುರೋಪಿನಲ್ಲಿ ಕೋಳಿಸಾಕಣೆ ಬೆಳೆದುದಕ್ಕೂ ಧರ್ಮಸಭೆಯ ಉಪವಾಸದ ನಿಯಮಗಳಿಗೂ ನಂಟು ಇದ್ದಿರಬಹುದು. ಆರನೆಯ ಶತಮಾನದ ಸಂತ ಬೆನೆಡಿಕ್ಟರ ನಿಯಮಾವಳಿ ನಾಲ್ಕು ಕಾಲಿನ ಪ್ರಾಣಿಗಳ ಮಾಂಸವನ್ನು ರೋಗಿಗಳನ್ನುಳಿದು ಮಿಕ್ಕ ಸನ್ಯಾಸಿಗಳಿಗೆ ನಿಷೇಧಿಸಿತ್ತು. ಹಳೆಯ ಮೂಳೆಗಳ ವಂಶವಾಹಿಗಳನ್ನು ಪರೀಕ್ಷಿಸಿ 2017ರಲ್ಲಿ ಪ್ರಕಟಿಸಿದ ಅಧ್ಯಯನವೊಂದರ ಪ್ರಕಾರ, ಸುಮಾರು ಸಾವಿರ ವರ್ಷಗಳ ಹಿಂದೆ ಯುರೋಪಿನ ಕೋಳಿಗಳಲ್ಲಿ ಜಗಳಗಂಟಿತನ ಕಡಿಮೆಯಾಗಿ, ಬೇಗ ಮೊಟ್ಟೆಯಿಡುವ ಗುಣ ಹರಡಿತು. ಇಕ್ಕಟ್ಟಾದ ಪಟ್ಟಣಗಳು ಬೆಳೆದುದರ ಜೊತೆಗೆ ಉಪವಾಸದ ಪದ್ಧತಿಯನ್ನೂ ಆ ವಿದ್ವಾಂಸರು ಇದರ ಸಂಭವನೀಯ ಕಾರಣಗಳಲ್ಲಿ ಎಣಿಸಿದ್ದಾರೆ.

ಮನೆಯೊಡತಿಯ ಗಂಟು

ನಮ್ಮ ನಾಡಿನ ಹಿತ್ತಲ ಕೋಳಿಗೆ ಮೈಸೂರು ಸೀಮೆಯಲ್ಲಿ ನಾಟಿ ಕೋಳಿಯೆಂದೂ, ಉತ್ತರ ಕರ್ನಾಟಕದಲ್ಲಿ ಜವಾರಿ ಕೋಳಿಯೆಂದೂ, ಕರಾವಳಿಯಲ್ಲಿ ಊರ ಕೋಳಿಯೆಂದೂ ಹೆಸರು. ಹೆಸರು ಯಾವುದಾದರೂ ಬದುಕು ಒಂದೇ. ಬೆಳಗಾದೊಡನೆ ಗೂಡಿನ ಬಾಗಿಲು ತೆರೆದರೆ ಗೊಬ್ಬರದ ಗುಂಡಿಯ ಹುಳು, ಗೆದ್ದಲು, ಒರಳಿನ ಬಳಿ ಚೆಲ್ಲಿದ ನುಚ್ಚು, ಕಣದ ಜೊಳ್ಳು ಇವೇ ಅದರ ಆಹಾರ. ಸಂಜೆ ಒಂದು ಹಿಡಿ ಕಾಳು ಚೆಲ್ಲಿದರೆ ತಾನಾಗಿಯೇ ಗೂಡು ಸೇರುತ್ತಿತ್ತು.

ಹೇಂಟೆಯೊಂದು ವರ್ಷಕ್ಕೆ ಇಡುತ್ತಿದ್ದ ಮೊಟ್ಟೆಗಳು ಐವತ್ತು ಅರವತ್ತು ಮಾತ್ರ. ಅವುಗಳಲ್ಲಿ ಹತ್ತು ಹನ್ನೆರಡನ್ನು ಕಾವಿಗಿಟ್ಟರೆ 21ನೆಯ ದಿನ ಮರಿಗಳು ಹೊರಬರುತ್ತಿದ್ದವು. ಹದ್ದು, ಮುಂಗುಸಿ, ಕಾಡುಬೆಕ್ಕುಗಳು ತಮ್ಮ ಪಾಲನ್ನು ಪಡೆದ ಮೇಲೆ ಉಳಿದವು ಮನೆಯ ಪಾಲು. ಅವುಗಳಲ್ಲಿಯೂ ಹೇಂಟೆಗಳನ್ನು ಉಳಿಸಿಕೊಂಡು, ಹೆಚ್ಚಾದ ಹುಂಜಗಳನ್ನೂ ಮೊಟ್ಟೆ ನಿಲ್ಲಿಸಿದ ಮುದಿ ಕೋಳಿಗಳನ್ನೂ ಮಾತ್ರ ಅಡಿಗೆಗೆ ಬಳಸುತ್ತಿದ್ದರು. ಹುಂಜವೊಂದು ಒಂದೂವರೆ ಕಿಲೋ ತೂಗಬೇಕಾದರೆ ಆರು ತಿಂಗಳಾದರೂ ಬೇಕಿತ್ತು. ಆದುದರಿಂದ ಕೋಳಿಯ ಸಾರು ವಾರದ ಊಟವಾಗಿರಲಿಲ್ಲ. ಕ್ರಿಸ್ತಜಯಂತಿ, ತಪಸ್ಸುಕಾಲ ಮುಗಿದ ಪಾಸ್ಖ ಹಬ್ಬ, ಊರಿನ ಪೋಷಕ ಸಂತರ ಹಬ್ಬ, ಬಾಣಂತಿಯ ಪಥ್ಯ ಇವು ಅದರ ಸಂದರ್ಭಗಳು. ಮನೆಗೆ ಅಳಿಯ ಬಂದನೆಂದರೆ ಹುಂಜನಿಗೆ ಗಂಡಾಂತರ!

ಆದರೆ ಹಿತ್ತಲ ಕೋಳಿಯ ನಿಜವಾದ ಮಹತ್ವವಿದ್ದುದು ಬೇರೊಂದು ಕಡೆ. ಗದ್ದೆಯ ಭತ್ತ, ತೋಟದ ಅಡಿಕೆ, ಕೂಲಿಯ ಹಣ ಇವೆಲ್ಲವೂ ಯಜಮಾನನ ಕೈಗೆ ಸೇರುತ್ತಿದ್ದವು. ಕೋಳಿ ಮಾರಿದ ಹಣ ಮಾತ್ರ ಮನೆಯೊಡತಿಯ ಸೆರಗಿನ ಗಂಟಿನಲ್ಲಿ ಉಳಿಯುತ್ತಿತ್ತು. ಅದಕ್ಕೆ ಲೆಕ್ಕ ಕೇಳುವ ಗಂಡಸರು ವಿರಳ. ಮಗುವಿನ ಜ್ವರದ ಔಷಧಿ, ಶಾಲೆಯ ಪುಸ್ತಕ, ಹಬ್ಬದ ಕಾಣಿಕೆ ಎಲ್ಲಕ್ಕೂ ಆ ಗಂಟೇ ಆಧಾರ. ಕೋಳಿ ಇಲ್ಲದ ಬಡವೆಗೆ ನೆರೆಯವರು ಒಂದು ಹೇಂಟೆಯನ್ನು ಪಾಲಿಗೆ ಕೊಡುತ್ತಿದ್ದರು. ಮರಿಗಳು ಬೆಳೆದ ಮೇಲೆ ಇಬ್ಬರೂ ಹಂಚಿಕೊಳ್ಳುತ್ತಿದ್ದರು. ಬಂಡವಾಳವಿಲ್ಲದವರಿಗೆ ಬದುಕು ಕಟ್ಟಿಕೊಡುವ ಇಂತಹ ಸರಳ ಉಪಾಯ ಬೇರೊಂದಿರಲಿಲ್ಲ.

ಈ ಗಂಟಿಗೆ ದೊಡ್ಡ ಶತ್ರುವೆಂದರೆ ಕೊಕ್ಕರೆ ರೋಗ. 1920ರ ದಶಕದ ಕೊನೆಯಲ್ಲಿ ಕುಮಾವೂನ್ ಬೆಟ್ಟಗಳ ರಾಣಿಖೇತ್ ಪಟ್ಟಣದಲ್ಲಿ ಕಂಡುಬಂದುದರಿಂದ ಅದಕ್ಕೆ ಭಾರತದಲ್ಲಿ ರಾಣಿಖೇತ್ ರೋಗವೆಂಬ ಹೆಸರೂ ಇದೆ. ಹಸಿರು ಭೇದಿ, ಬಾಯಿ ತೆರೆದು ಎಳೆಯುವ ಉಸಿರು, ತಿರುಚಿಕೊಳ್ಳುವ ಕತ್ತು ಇವು ಕಂಡವೆಂದರೆ ಕೆಲವೇ ದಿನಗಳಲ್ಲಿ ಇಡೀ ಕೇರಿಯ ಗೂಡುಗಳು ಬರಿದಾಗುತ್ತಿದ್ದವು. ಮುಕ್ತೇಶ್ವರದ ಪಶುವೈದ್ಯ ಸಂಶೋಧನಾಲಯದಲ್ಲಿ 1940ರ ಸುಮಾರಿಗೆ ಇದಕ್ಕೆ ಲಸಿಕೆ ಸಿದ್ಧವಾಯಿತು.

ಡೆಲವೇರಿನ ಗೃಹಿಣಿ

ಮಾಂಸಕ್ಕಾಗಿಯೇ ಕೋಳಿ ಸಾಕುವ ಆಧುನಿಕ ಉದ್ಯಮವು ಅಂಗಳದ ಕೋಳಿಸಾಕಣೆಯಿಂದಲೇ ಹುಟ್ಟಿತೆಂಬುದು ಗಮನಾರ್ಹ. ಅಮೆರಿಕದ ಡೆಲವೇರ್ ರಾಜ್ಯದ ಓಷನ್ ವ್ಯೂ ಎಂಬ ಊರಿನ ಸೆಸಿಲ್ ಸ್ಟೀಲ್ ಎಂಬ ಗೃಹಿಣಿ 1923ರಲ್ಲಿ ಮೊಟ್ಟೆಗಾಗಿ 50 ಮರಿಗಳನ್ನು ತರಿಸಿದಳು. ಬಂದುದು 500! ಆಕೆ ಅವುಗಳನ್ನು ಹಿಂದಿರುಗಿಸದೆ ಸಾಕಿ, ಬದುಕುಳಿದವು ಸುಮಾರು ಎರಡು ಪೌಂಡು ತೂಗಿದಾಗ 387 ಮರಿಗಳನ್ನು ಪೌಂಡಿಗೆ 62 ಸೆಂಟಿನಂತೆ ಮಾರಿದಳು. ಲಾಭ ಕಂಡು ವರ್ಷದಿಂದ ವರ್ಷಕ್ಕೆ ಹೆಚ್ಚಿಸುತ್ತಾ, 1926ರ ವೇಳೆಗೆ 10,000 ಕೋಳಿಗಳ ಮನೆಯನ್ನೇ ಕಟ್ಟಿಸಿದಳು. ಆಕೆಯ ಮೊದಲ ಕೋಳಿಮನೆಯನ್ನು ಅಲ್ಲಿ ಚಾರಿತ್ರಿಕ ಸ್ಮಾರಕವಾಗಿ ರಕ್ಷಿಸಲಾಗಿದೆ.

ಮುಂದೆ ತಳಿಯ ಶೋಧ ಆರಂಭವಾಯಿತು. ‘ನಾಳಿನ ಕೋಳಿ’ ಎಂಬ ಹೆಸರಿನಲ್ಲಿ ನಡೆದ ಸ್ಪರ್ಧೆಯ 1948ರ ಅಂತಿಮ ಸುತ್ತಿನಲ್ಲಿ ಕಾರ್ನಿಷ್ ಮತ್ತು ನ್ಯೂ ಹ್ಯಾಂಪ್‌ಷೈರ್ ತಳಿಗಳ ಸಂಕರ ಗೆದ್ದಿತು. ಕಾರ್ನಿಷ್ ತಳಿಯನ್ನು ರೂಪಿಸಲು ಬಳಸಿದವುಗಳಲ್ಲಿ ನಮ್ಮ ದೇಶದ ಅಸೀಲ್ ಕಾದಾಟದ ಕೋಳಿಯೂ ಒಂದೆಂಬುದು ಸ್ವಾರಸ್ಯದ ಸಂಗತಿ. ಅಂದಿನಿಂದ ಆದ ಬದಲಾವಣೆ ಬೆರಗು ಹುಟ್ಟಿಸುವಂತಹುದು. ಕೆನಡಾದ ವಿಜ್ಞಾನಿಗಳು 1957ರ ತಳಿಯನ್ನೂ 2005ರ ತಳಿಯನ್ನೂ ಒಂದೇ ಆಹಾರ ನೀಡಿ ಸಾಕಿದಾಗ, 56ನೆಯ ದಿನ ಹಳೆಯದು 905 ಗ್ರಾಂ ತೂಗಿದರೆ ಹೊಸದು 4,202 ಗ್ರಾಂ ತೂಗಿತು.

ನಮ್ಮ ನಾಡಿಗೆ ಬಂದ ಬಗೆ

ಸ್ವಾತಂತ್ರ್ಯಾನಂತರ ಕೇಂದ್ರ ಸರ್ಕಾರವು 1959ರಲ್ಲಿ ಐದು ಪ್ರಾದೇಶಿಕ ಕೋಳಿಸಾಕಣೆ ಕೇಂದ್ರಗಳನ್ನು ಸ್ಥಾಪಿಸಿದಾಗ ಅವುಗಳಲ್ಲೊಂದು ಬೆಂಗಳೂರಿನ ಪಾಲಿಗೆ ಬಂದಿತು. ಹೆಸರಘಟ್ಟದ ಹೆಸರು ಕೋಳಿಸಾಕಣೆಯ ತರಬೇತಿಯೊಡನೆ ಬೆಸೆದುಕೊಂಡುದು ಹೀಗೆ. 1971ರಲ್ಲಿ ಬಿ. ವಿ. ರಾವ್ ಅವರು ಸ್ಥಾಪಿಸಿದ ವೆಂಕಟೇಶ್ವರ ಹ್ಯಾಚರೀಸ್ ದೇಶದೊಳಗೇ ಉತ್ತಮ ಮರಿಗಳು ದೊರೆಯುವಂತೆ ಮಾಡಿತು. 1990ರ ದಶಕದಲ್ಲಿ ಕೊಯಮತ್ತೂರಿನ ಕಡೆ ಬಲಗೊಂಡ ಒಪ್ಪಂದದ ಸಾಕಣೆ ನಮ್ಮ ರಾಜ್ಯಕ್ಕೂ ಹರಡಿತು. ಮರಿ, ಆಹಾರ, ಔಷಧಿ ಕಂಪನಿಯವು; ಕೊಟ್ಟಿಗೆ, ನೀರು, ವಿದ್ಯುತ್ತು, ದುಡಿಮೆ ರೈತನವು. ಆರು ವಾರಗಳ ಬಳಿಕ ಕಂಪನಿ ಕೋಳಿಗಳನ್ನು ಒಯ್ದು ಕಿಲೋಗೆ ಇಷ್ಟೆಂದು ಸಾಕಣೆಯ ಕೂಲಿ ಕೊಡುತ್ತದೆ.

ಇದರಿಂದ ಆದ ಉಪಕಾರವನ್ನು ಅಲ್ಲಗಳೆಯುವಂತಿಲ್ಲ. ಹಬ್ಬಕ್ಕೆ ಮಾತ್ರ ಎಟುಕುತ್ತಿದ್ದ ಕೋಳಿಮಾಂಸ ಕೂಲಿಕಾರನ ಭಾನುವಾರದ ಊಟವಾಯಿತು. ಬೆಲೆಯ ಏರಿಳಿತದ ಹೊರೆ ರೈತನ ಹೆಗಲಿನಿಂದ ಬಹುಮಟ್ಟಿಗೆ ಇಳಿಯಿತು. ಆದರೆ ಸಾವಿರಾರು ಕೋಳಿಗಳ ಕೊಟ್ಟಿಗೆ ಕಟ್ಟಲು ಸಾಲ ಬೇಕು, ಸಾಲಕ್ಕೆ ಜಮೀನಿನ ಪತ್ರ ಬೇಕು. ಪತ್ರವಿರುವುದು ಸಾಮಾನ್ಯವಾಗಿ ಗಂಡಸಿನ ಹೆಸರಿನಲ್ಲಿ. ಹೀಗೆ ಕೋಳಿಯ ಸಂಖ್ಯೆ ಹೆಚ್ಚಿದಂತೆ ಸೆರಗಿನ ಗಂಟು ಸಡಿಲವಾಯಿತು. ಕೋಳಿ ಸಾಕಿದರೂ ಅದು ತನ್ನದೆಂದು ಹೇಳಲಾಗದ ಸ್ಥಿತಿ ರೈತನಿಗೂ ಬಂದಿತು. 2006ರ ಫೆಬ್ರುವರಿಯಲ್ಲಿ ಮಹಾರಾಷ್ಟ್ರದ ನವಾಪುರದಲ್ಲಿ ಹಕ್ಕಿಜ್ವರ ಕಾಣಿಸಿಕೊಂಡಾಗಲೂ, 2012ರಲ್ಲಿ ಅದು ಹೆಸರಘಟ್ಟಕ್ಕೇ ಬಂದಾಗಲೂ, ಒಂದೇ ಕಡೆ ಸಾವಿರಾರು ಹಕ್ಕಿಗಳನ್ನು ಸಾಕುವುದರ ಅಪಾಯ ಎಲ್ಲರ ಅರಿವಿಗೆ ಬಂದಿತು.

ಮರಳಿ ಅಂಗಳದ ಕಡೆಗೆ

ಈ ನಡುವೆ ಬೆಂಗಳೂರಿನ ಹೆಬ್ಬಾಳದ ವಿಜ್ಞಾನಿಗಳು ಅಂಗಳದ ಸಾಕಣೆಯನ್ನೂ ಮರೆಯಲಿಲ್ಲ. 1980ರ ದಶಕದ ಕೊನೆಯಲ್ಲಿ ಅವರು ರೂಪಿಸಿದ ಗಿರಿರಾಜ ಕೋಳಿ ನಾಟಿಯಂತೆ ಬಣ್ಣಬಣ್ಣದ ಗರಿಯುಳ್ಳದ್ದು, ಕೆದಕಿ ತಿನ್ನಬಲ್ಲದ್ದು, ಆದರೆ ಅದಕ್ಕಿಂತ ಬಹಳ ಬೇಗ ತೂಕ ಹಿಡಿಯುವಂತಹುದು. 2005ರಲ್ಲಿ ಬಂದ ಸ್ವರ್ಣಧಾರ ತಳಿ ತುಸು ಹಗುರವಾಗಿದ್ದು ಹದ್ದು, ಬೆಕ್ಕುಗಳಿಂದ ಇನ್ನಷ್ಟು ಸುಲಭವಾಗಿ ತಪ್ಪಿಸಿಕೊಳ್ಳಬಲ್ಲದು. ಇವುಗಳ ಒಂದು ಕೊರತೆಯೆಂದರೆ ಕಾವಿಗೆ ಕೂರುವ ಗುಣ ಇಲ್ಲದಿರುವುದು. ಮನೆಯಲ್ಲೇ ಸಂತತಿ ಬೆಳೆಸಿದರೂ ಮೊದಲಿನ ಗುಣ ಉಳಿಯದು. ಪ್ರತಿ ಬಾರಿಯೂ ಮರಿಗಳನ್ನು ಹೊರಗಿನಿಂದಲೇ ತರಬೇಕು. ಆದುದರಿಂದ ಕಾವಿಗೆ ಕೂರುವ ಒಂದೆರಡು ನಾಟಿ ಹೇಂಟೆಗಳನ್ನೂ ಜೊತೆಯಲ್ಲಿ ಉಳಿಸಿಕೊಳ್ಳುವುದು ವಿವೇಕ.

ಅಂಗಳದ ಕೋಳಿ ಅಳಿದುಹೋಯಿತೆಂದು ಮರುಗುವವರಿಗೆ 2019ರ ಜಾನುವಾರು ಗಣತಿ ಸಮಾಧಾನ ನೀಡುತ್ತದೆ. ದೇಶದ ಸುಮಾರು 85 ಕೋಟಿ ಕೋಳಿ ಮತ್ತಿತರ ಸಾಕುಹಕ್ಕಿಗಳಲ್ಲಿ 31.7 ಕೋಟಿ ಹಿತ್ತಲಿನವು. 2012ರ ಗಣತಿಗೆ ಹೋಲಿಸಿದರೆ ಇವುಗಳ ಸಂಖ್ಯೆ ಶೇಕಡ 45ಕ್ಕೂ ಹೆಚ್ಚು ಏರಿದೆ.

ಆದರೂ ಒಂದು ತೊಡಕು ಉಳಿದಿದೆ. ಕೊಕ್ಕರೆ ರೋಗದ ಲಸಿಕೆಯ ಸೀಸೆಯೊಂದರಲ್ಲಿ ಸಾಮಾನ್ಯವಾಗಿ ನೂರು ಅಥವಾ ಹೆಚ್ಚು ಹಕ್ಕಿಗಳಿಗೆ ಸಾಕಾಗುವಷ್ಟು ಮದ್ದಿರುತ್ತದೆ. ಅದನ್ನು ತಂಪಿನಲ್ಲಿಡಬೇಕು, ತೆರೆದು ಬೆರೆಸಿದ ಮೇಲೆ ಕೆಲವೇ ಗಂಟೆಗಳಲ್ಲಿ ಬಳಸಿ ಮುಗಿಸಬೇಕು. ಹತ್ತು ಕೋಳಿಯ ಮನೆಯೊಡತಿ ಒಬ್ಬಳೇ ಇದನ್ನು ಕೊಂಡು ಏನು ಮಾಡಿಯಾಳು? ಇಪ್ಪತ್ತು ಮನೆಯವರು ಒಂದು ದಿನ ಗೊತ್ತುಮಾಡಿಕೊಂಡು ಕೋಳಿಗಳನ್ನು ಮಂಕರಿಯಡಿ ಮುಚ್ಚಿಟ್ಟು ಪಶುವೈದ್ಯರನ್ನು ಕರೆಸಿದರೆ, ಒಂದೆರಡು ಸೀಸೆಗಳಲ್ಲಿ ಇಡೀ ಕೇರಿ ಉಳಿಯುತ್ತದೆ. ನೆರೆಮನೆಯ ಕೋಳಿಗೆ ಲಸಿಕೆಯಿಲ್ಲದಿದ್ದರೆ ರೋಗ ಕೇರಿಯನ್ನು ಬಿಟ್ಟು ಹೋಗುವುದಿಲ್ಲ. ಬೇಲಿಯೂ ಅದನ್ನು ತಡೆಯದು.

ಹೇಂಟೆಯನ್ನು ಪಾಲಿಗೆ ಕೊಟ್ಟು ಬಡ ನೆರೆಯವಳನ್ನು ಮೇಲೆತ್ತಿದ ನಮ್ಮ ಹಿರಿಯರಿಗೆ ಈ ತತ್ತ್ವ ಹೊಸದಾಗಿರಲಿಲ್ಲ. ತಳಿ ಹೊಸದಿರಲಿ ಹಳೆಯದಿರಲಿ, ಹಿತ್ತಲ ಕೋಳಿ ಉಳಿಯುವುದು ಒಬ್ಬರ ಗೂಡಿನಿಂದಲ್ಲ, ಒಂದು ಕೇರಿಯ ಒಗ್ಗಟ್ಟಿನಿಂದ. ಕುಟುಂಬ ಕುಟುಂಬಗಳನ್ನು ಒಂದೆಡೆ ಸೇರಿಸುವ ಧರ್ಮಕೇಂದ್ರದ ಮಹಿಳಾ ಸಂಘಗಳು ವರ್ಷಕ್ಕೆ ಅಂತಹ ಎರಡು ದಿನಗಳನ್ನು ಗೊತ್ತುಮಾಡಿದರೆ, ಸಡಿಲವಾದ ಆ ಸೆರಗಿನ ಗಂಟು ಮತ್ತೆ ಬಿಗಿಯಾದೀತು.