ಕಂಡೆನ್ಸರ್ ಬ್ಯಾಟರಿಯ ಜಾಗ ತುಂಬಬಲ್ಲದೇ?

ಗುಬ್ಬಿ, ಕುಣಿಗಲ್ ಕಡೆಯ ತೋಟಗಳಲ್ಲಿ ಸಿಂಗಲ್ ಫೇಸ್ ಮೋಟಾರ್ ತಿರುಗದೆ ಗುಂಯ್‌ಗುಟ್ಟಿದರೆ ಮೆಕ್ಯಾನಿಕ್ ಮೊದಲು ನೋಡುವುದು ಕಂಡೆನ್ಸರನ್ನು. ಪುಸ್ತಕದಲ್ಲಿ ಇದರ ಹೆಸರು ಕೆಪಾಸಿಟರ್. ಇದು ಕರೆಂಟ್ ಕೂಡಿಡುತ್ತದೆ ಎಂದು ಶಾಲೆಯಲ್ಲಿ ಓದಿದ್ದೇವೆ. ಹಾಗಾದರೆ ಬ್ಯಾಟರಿ ಬದಲು ಇದನ್ನೇ ಬಳಸಬಾರದೇಕೆ?

ಲೆಕ್ಕ ಹಾಕಿ ನೋಡೋಣ. ಸೀಲಿಂಗ್ ಫ್ಯಾನಿನ 2.5 ಮೈಕ್ರೋಫ್ಯಾರಡ್ ಕಂಡೆನ್ಸರ್, 230 ವೋಲ್ಟ್ ಲೈನಿನ ಗರಿಷ್ಠ ಮಟ್ಟವಾದ 325 ವೋಲ್ಟ್‌ನಲ್ಲಿ ಹಿಡಿದಿಡುವುದು ಸುಮಾರು 0.13 ಜೂಲ್. 75 ವ್ಯಾಟಿನ ಫ್ಯಾನಿಗೆ ಅದು ಒಂದು ಸೆಕೆಂಡಿನ ಐನೂರನೇ ಒಂದು ಭಾಗಕ್ಕೂ ಸಾಲದು. ಆದರೆ ಬ್ಯಾಟರಿಯಲ್ಲಿ ರಾಸಾಯನಿಕ ಕ್ರಿಯೆ ನಡೆದೇ ವಿದ್ಯುತ್ ಬರಬೇಕು. ಕಂಡೆನ್ಸರ್ ಇದ್ದದ್ದನ್ನೆಲ್ಲ ಒಂದೇ ಏಟಿಗೆ ಸುರಿದುಬಿಡುತ್ತದೆ. ಪಂಪಿನ 100 ಮೈಕ್ರೋಫ್ಯಾರಡ್ ಕಂಡೆನ್ಸರಿನಲ್ಲಿ 5 ಜೂಲ್ ಉಳಿದಿರಬಹುದು. ಸ್ವಿಚ್ ಆರಿಸಿದ ಮೇಲೂ ಅದರ ತುದಿಗಳನ್ನು ಬರಿಗೈಯಲ್ಲಿ ಮುಟ್ಟಬೇಡಿ.

ಕೂಡಿಡುವ ಕೆಲಸ ಮಾಡುವುದು ಎರಡು ಲೋಹದ ಪದರಗಳ ನಡುವಿನ ನಿರೋಧಕ ವಸ್ತು, ಅಂದರೆ ಡೈಎಲೆಕ್ಟ್ರಿಕ್. ಫ್ಯಾನಿನಲ್ಲಿ ಅದು ತೆಳು ಪ್ಲಾಸ್ಟಿಕ್ ಹಾಳೆ. ಮೊಬೈಲಿನಲ್ಲಿ ಎಳ್ಳುಕಾಳಿಗಿಂತ ಚಿಕ್ಕದಾದ, ನೂರಾರು ಪದರಗಳ ಸೆರಾಮಿಕ್. ಪ್ಲಾಸ್ಟಿಕ್ ಸುಮಾರು 100 ಡಿಗ್ರಿ ಬಿಸಿಗೇ ಸೋಲುತ್ತದೆ, ಸೆರಾಮಿಕ್ ಸೋಲದು. ಎಲೆಕ್ಟ್ರಿಕ್ ವಾಹನಗಳ ಇನ್ವರ್ಟರಿಗೆ ಸೆರಾಮಿಕ್ ಬೇಕೆನ್ನುವುದು ಅದಕ್ಕೇ.

ಎರಡನೇ ಮಹಾಯುದ್ಧದ ಕಾಲದಲ್ಲಿ ಪತ್ತೆಯಾದ ಬೇರಿಯಂ ಟೈಟನೇಟ್‌ನ ಡೈಎಲೆಕ್ಟ್ರಿಕ್ ಸ್ಥಿರಾಂಕ ಸಾವಿರಗಳಲ್ಲಿದೆ. ಪಾಲಿಪ್ರೊಪಿಲೀನ್ ಪ್ಲಾಸ್ಟಿಕ್‌ನದು ಬರೀ 2.2. ಇಷ್ಟು ನೋಡಿ ಮಾರುಹೋಗುವಂತಿಲ್ಲ. ವೋಲ್ಟೇಜ್ ಏರಿಸಿದಂತೆ ಈ ಸೆರಾಮಿಕ್ ಬೇಗ ತುಂಬಿಹೋಗುತ್ತದೆ. ವೋಲ್ಟೇಜ್ ತೆಗೆದಾಗಲೂ ಕರುವಿಗೆಂದು ಹಾಲು ಹಿಡಿದಿಟ್ಟುಕೊಳ್ಳುವ ಹಸುವಿನಂತೆ ಪೂರ್ತಿ ಬಿಟ್ಟುಕೊಡದು. ಕೊಟ್ಟ ಶಕ್ತಿಯಲ್ಲಿ ಒಂದು ಪಾಲು ಬಿಸಿಯಾಗಿ ಹೋಗುತ್ತದೆ. ಒಳಗೆ ಸಣ್ಣದೊಂದು ರಂಧ್ರ ಉಳಿದಿದ್ದರೂ ಹೆಚ್ಚಿನ ವೋಲ್ಟೇಜಿಗೆ ಅಲ್ಲೇ ಸಿಡಿಯುತ್ತದೆ.

ಇದಕ್ಕೆ ಸಂಶೋಧಕರು ಕಂಡುಕೊಂಡ ಉಪಾಯ ಬೆರಕೆ. ಬಿಸ್ಮತ್‌ನಂಥ ಬೇರೆ ಧಾತುಗಳನ್ನು ಸೇರಿಸಿದರೆ, ಒಂದೇ ದಿಕ್ಕಿಗೆ ಮುಖ ಮಾಡಿ ನಿಲ್ಲುವ ದೊಡ್ಡ ದೊಡ್ಡ ವಲಯಗಳು ಒಡೆದು ನ್ಯಾನೋಮೀಟರ್ ಗಾತ್ರದ ಗುಂಪುಗಳಾಗುತ್ತವೆ. ಇವು ವೋಲ್ಟೇಜ್ ಬಂದಾಗ ತಿರುಗಿ, ಹೋದಾಗ ಸುಲಭವಾಗಿ ಮೊದಲಿನಂತಾಗುತ್ತವೆ. ಇಂಥ ವಸ್ತುವಿಗೆ ರಿಲಾಕ್ಸರ್ ಎಂಬ ಹೆಸರು. ಸುಡುವಾಗ ಹರಳುಗಳು ದಪ್ಪವಾಗದಂತೆ ನೋಡಿಕೊಂಡರೆ ಸಿಡಿಯುವ ಭಯವೂ ತಗ್ಗುತ್ತದೆ. ಹೀಗೆ ಪ್ರಯೋಗಾಲಯಗಳಲ್ಲಿ ಘನ ಸೆಂಟಿಮೀಟರಿಗೆ 10 ಜೂಲ್ ದಾಟಿದ್ದಾರೆ. ಲಿಥಿಯಂ ಬ್ಯಾಟರಿಯಲ್ಲಿ ಅಷ್ಟೇ ಜಾಗದಲ್ಲಿ ಸಾವಿರ, ಎರಡು ಸಾವಿರ ಜೂಲ್ ಇರುತ್ತದೆ ಎಂಬುದನ್ನು ಮರೆಯಬಾರದು. ಬ್ಯಾಟರಿ ಯುಗ ಮುಗಿಯಿತು ಎನ್ನುವ ತಲೆಬರಹಗಳು ಈ ಅಂಕಿಯನ್ನು ಹೇಳುವುದಿಲ್ಲ.

ಕಾರ್ಖಾನೆಯಲ್ಲಿ ಇನ್ನೊಂದು ತೊಡಕಿದೆ. ಪದರಗಳ ನಡುವೆ ಅಗ್ಗದ ನಿಕ್ಕಲ್ ಹಾಕಿದರೆ, ಅದು ಆಕ್ಸೈಡ್ ಆಗದಂತೆ ಆಮ್ಲಜನಕ ಬಹಳ ಕಡಿಮೆ ಇರುವ ಕುಲುಮೆಯಲ್ಲಿ ಸುಡಬೇಕು. ಅಲ್ಲಿ ಬಿಸ್ಮತ್ ಕೆಡುತ್ತದೆ. ಹಾಗಾಗಿ ಇಂಥ ಬೆರಕೆಗಳಿಗೆ ಸದ್ಯ ಹೆಚ್ಚಾಗಿ ಬಳಸುವುದು ದುಬಾರಿಯಾದ ಬೆಳ್ಳಿ-ಪಲ್ಲೇಡಿಯಂ.