ದುರ್ಬೀನಿನ ದುರ್ಬುದ್ಧಿ

ಗುಬ್ಬಿಯಿಂದ ನಿವೃತ್ತ ಮೇಷ್ಟರೊಬ್ಬರು ಪತ್ರ ಬರೆದಿದ್ದಾರೆ. ಇನ್‌ಲ್ಯಾಂಡ್ ಲೆಟರ್. ಅಂಟಿಸುವ ಅಂಚಿನಲ್ಲೂ ಅಕ್ಷರ ತುಂಬಿಸಿದ್ದರಿಂದ ಬಿಡಿಸುವಾಗ ಎರಡು ಸಾಲು ಹರಿದುಹೋದವು. ಉಳಿದದ್ದರ ಸಾರ ಇಷ್ಟು: ಹಿಂದೊಮ್ಮೆ ಈ ಅಂಕಣದಲ್ಲಿ ನಾನು ನಮ್ಮ ಆಸ್ಟ್ರೋಸ್ಯಾಟ್ ಉಪಗ್ರಹವನ್ನು ‘ಆಕಾಶದಲ್ಲಿಟ್ಟ ದುರ್ಬೀನು’ ಎಂದೆ. ಇದು ವಿಜ್ಞಾನಿಗಳಿಗೆ ಮಾಡಿದ ಅಪಚಾರ. ದುರ್ಬೀನು ಎನ್ನುವುದು ದೇವರಾಯನದುರ್ಗದ ತೇರಿನಲ್ಲಿ ಹುಡುಗರು ಹಟಮಾಡಿ ಕೊಡಿಸಿಕೊಳ್ಳುವ ಆಟದ ಸಾಮಾನು. ಪಠ್ಯಪುಸ್ತಕದಲ್ಲಿ ‘ದೂರದರ್ಶಕ’ ಎಂಬ ಗೌರವದ ಪದ ಇರುವಾಗ ಈ ಜಾತ್ರೆಯ ಮಾತು ಯಾಕೆ?

ಮೇಷ್ಟರ ಅಕ್ಷರ ಮುದ್ದಾಗಿದೆ. ಅಭಿಪ್ರಾಯ ಮಾತ್ರ ನನಗೆ ಒಪ್ಪಿಗೆಯಿಲ್ಲ.

ಪದದ ಮೂಲ ಪಾರಸಿ. ಅಷ್ಟು ಸಾಕು. ಅದನ್ನು ಯಾವ ನಿಘಂಟಾದರೂ ಹೇಳುತ್ತದೆ. ಇನ್ನೂ ಬೇಕೆಂದರೆ ‘ಇಗೋ ಕನ್ನಡ’ ಬರೆದ ಜಿ. ವೆಂಕಟಸುಬ್ಬಯ್ಯನವರಂಥವರು ಬೇಕು, ಆ ಕುರ್ಚಿಯಲ್ಲಿ ಕೂರುವ ಯೋಗ್ಯತೆ ನನ್ನದಲ್ಲ. ನನ್ನ ಕುತೂಹಲ ಬೇರೆ. ಜಮೀನು, ಕಾನೂನುಗಳ ಹಾಗೆ ಕೊನೆಗೊಂದು ‘ಉ’ ಅಂಟಿಸಿಕೊಂಡು ನಮ್ಮ ಮನೆಯೊಳಗೆ ಬಂದ ಈ ಪದ, ಬರುವ ದಾರಿಯಲ್ಲಿ ‘ದೂರ್’ನ ದೀರ್ಘ ಕಳೆದುಕೊಂಡು ‘ದುರ್’ ಆಯಿತಲ್ಲ, ಅಲ್ಲೇ ಅದರ ಹಣೆಬರಹ ಬದಲಾಯಿತು ಎಂಬುದು ನನ್ನ ಸಿದ್ಧಾಂತ. ಕನ್ನಡದಲ್ಲಿ ‘ದುರ್’ ಇರುವ ಓಣಿ ಒಳ್ಳೆಯವರ ಓಣಿಯಲ್ಲ. ದುರ್ಬುದ್ಧಿ, ದುರ್ನಡತೆ, ದುರಾಸೆ, ದುರಹಂಕಾರ, ದುರ್ಗಂಧ ಎಲ್ಲವೂ ಅಲ್ಲೇ ಸಾಲಾಗಿ ಮನೆ ಮಾಡಿಕೊಂಡಿವೆ. ಪಾಪದ ದುರ್ಬೀನು ವಿಳಾಸ ತಪ್ಪಿ ಅಲ್ಲಿ ಬಾಡಿಗೆಗೆ ಸೇರಿತು, ಸಹವಾಸದೋಷ ಹತ್ತಿತು.

ಸಾಕ್ಷಿ ಬೇಕಾದರೆ ತುಮಕೂರು ಬಸ್‌ ಸ್ಟ್ಯಾಂಡಿನಲ್ಲಿ ಅರ್ಧ ಗಂಟೆ ನಿಲ್ಲಿ. “ನಮ್ಮತ್ತೆ ದುರ್ಬೀನ್ ಹಾಕ್ಕಂಡು ಕುಂತವ್ಳೆ, ಒಗ್ಗರಣೆಗೆ ಎಷ್ಟು ಎಣ್ಣೆ ಬಿಡ್ತೀನಿ ಅಂತ.” “ದುರ್ಬೀನ್ ಹಾಕಿ ಹುಡುಕಿದ್ರೂ ಆ ಮನೇಲಿ ಒಬ್ಬ ಒಳ್ಳೇವ್ನು ಸಿಗಲ್ಲ ಬುಡಕ್ಕ.” ನಮ್ಮ ಕಡೆ ಯಾರಾದರೂ ಒಳ್ಳೆಯದನ್ನು ನೋಡಲು ದುರ್ಬೀನು ಹಾಕಿದ್ದನ್ನು ಕೇಳಿದ್ದೀರಾ? ಹಾಕುವುದು ತಪ್ಪು ಹುಡುಕುವುದಕ್ಕೆ, ಇಲ್ಲವೇ ಇಲ್ಲದ್ದನ್ನು ಇಲ್ಲ ಎಂದು ಸಾಧಿಸುವುದಕ್ಕೆ. ‘ದೂರು’ ಎಂಬ ನಮ್ಮದೇ ಪದವೂ ಹಿಂದಿನಿಂದ ಸ್ವಲ್ಪ ತಳ್ಳಿರಬೇಕು. ದೂರ ನೋಡುವ ಸಾಮಾನು ದೂರು ಹುಡುಕುವ ಸಾಮಾನಾಯಿತು. ಅದರ ದಾಯಾದಿ ಭೂತಗನ್ನಡಿಯ ಕತೆಯೂ ಇದೇ. ಲೆಕ್ಕಪತ್ರದ ಮೇಲೆ ಭೂತಗನ್ನಡಿ ಹಿಡಿದವರು ಬಹುಮಾನ ಕೊಡಲು ಹಿಡಿದಿರುವುದಿಲ್ಲ.

ಈ ಪದವನ್ನು ನಮ್ಮ ಸೀಮೆಗೆ ಹೊತ್ತು ತಂದವರು ದುರ್ಗಗಳ ಮೇಲೆ ಕಾವಲು ನಿಂತವರೇ ಎಂಬುದು ನನ್ನ ಹಟ. ಬುರುಜಿನ ಮೇಲಿನ ಕಾವಲುಗಾರ ಬೆಳದಿಂಗಳ ಸೊಬಗು ನೋಡಲು ದುರ್ಬೀನು ಹಾಕುವುದಿಲ್ಲವಲ್ಲ. ಧೂಳೆದ್ದಿದೆಯೇ, ಎದ್ದರೆ ಎತ್ತಿನ ಗಾಡಿಯದೋ ಕುದುರೆಗಳದೋ ಎಂದು ಅನುಮಾನದಿಂದಲೇ ಹಾಕುತ್ತಾನೆ. ‘ದುರ್ಗ’ ಎಂಬುದೂ ಅದೇ ಓಣಿಯ ಹಳೇ ನಿವಾಸಿ, ಹೋಗಲು ಕಷ್ಟವಾದದ್ದು ಎಂದು ಅರ್ಥ. ನಮ್ಮ ದುರ್ಗ ಪುರಾಣದಲ್ಲಿ ಕರಿಗಿರಿ, ಆಮೇಲೆ ಜಡಕನದುರ್ಗ. ಮೈಸೂರಿನ ಚಿಕ್ಕದೇವರಾಜ ಒಡೆಯರು ಗೆದ್ದ ಮೇಲೆ ದೇವರಾಯನದುರ್ಗ. ಹೆಸರು ಎಷ್ಟು ಸಲ ಬದಲಾದರೂ ಮೆಟ್ಟಿಲು ಕಡಿಮೆಯಾಗಲಿಲ್ಲ. ಭೋಗನರಸಿಂಹ ಕೆಳಗೆ, ಯೋಗನರಸಿಂಹ ಮೇಲೆ. ಏದುಸಿರು ಬಿಡುತ್ತ ಹತ್ತುವವರಿಗೆ ಈ ವ್ಯವಸ್ಥೆಯ ಮರ್ಮ ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಬೆಟ್ಟ ಎಂದ ಮೇಲೆ ಗಾದೆ ಬರಲೇಬೇಕು. ‘ದೂರದ ಬೆಟ್ಟ ಕಣ್ಣಿಗೆ ನುಣ್ಣಗೆ.’ ಇದು ಮಲೆನಾಡಿನಲ್ಲಿ ಹುಟ್ಟಿದ್ದಲ್ಲ, ನಮ್ಮ ಬಯಲುಸೀಮೆಯದೇ ಎಂದು ಬಾಜಿ ಕಟ್ಟುತ್ತೇನೆ. ಮಲೆನಾಡಿನವರಿಗೆ ದೂರದ ಬೆಟ್ಟ ಎಲ್ಲಿದೆ? ಕಿಟಕಿ ತೆಗೆದರೆ ಮೂಗಿಗೇ ತಾಗುತ್ತದೆ, ಅದೂ ಕಾಡು ಹೊದ್ದುಕೊಂಡು. ಬೆಟ್ಟ ನುಣ್ಣಗೆ ಕಾಣಬೇಕಾದರೆ ಬರಿಬಂಡೆ ಇರಬೇಕು, ಮುಂದೆ ಹರದಾರಿಗಟ್ಟಲೆ ರಾಗಿಹೊಲ ಇರಬೇಕು, ಹೊಲದ ಬದುವಿನ ಮೇಲೆ ಕೂತು ಹಣೆಗೆ ಕೈ ಅಡ್ಡ ಹಿಡಿದು ನೋಡುವವನೊಬ್ಬ ಇರಬೇಕು. ಇನ್ನೂ ಒಂದು ವಿಶೇಷವೆಂದರೆ, ಈ ಗಾದೆಯನ್ನು ಬೆಟ್ಟ ಹತ್ತದವನು ಹೇಳಲು ಸಾಧ್ಯವೇ ಇಲ್ಲ. ಅವನಿಗೆ ಬೆಟ್ಟ ಬರೀ ನುಣ್ಣಗೆ. ಅದರಲ್ಲಿ ಗಾದೆ ಮಾಡುವಂಥದ್ದೇನಿದೆ? ಹತ್ತಿ, ಕಾಲು ತರಚಿಕೊಂಡು, ತೆಂಗಿನಕಾಯಿಯ ಚೀಲವನ್ನು ಕೋತಿಗೆ ಒಪ್ಪಿಸಿ ಇಳಿದುಬಂದವನೇ ಮೊದಲ ಸಲ ಅದನ್ನು ಹೇಳಿದ್ದು. ದುರ್ಗದ ಬಂಡೆಯನ್ನು ಹತ್ತಿರದಿಂದ ನೋಡಿ. ಬೂದಿ ಬಣ್ಣದ ಕಲ್ಲುಹೂವು ಚಕ್ಕೆಚಕ್ಕೆಯಾಗಿ ಹತ್ತಿರುತ್ತದೆ, ಬಿರುಕಿನಲ್ಲಿ ಒಣಗಿದ ಹುಲ್ಲು, ಮಳೆನೀರು ಇಳಿದ ಕಡೆ ಕಪ್ಪು ಗೀರು. ತುಮಕೂರಿನಿಂದ ಇವೆಲ್ಲ ಸೇರಿ ನೀಲಿ ರೇಷ್ಮೆ.

ಈಗ ಈ ಗಾದೆಗೆ ಬಂದಿರುವ ಗತಿ ನೋಡಿ. ಸುದ್ದಿವಾಹಿನಿಯವರು ಅರ್ಧ ಕತ್ತರಿಸಿ, ಸಿಗಲಾರದ ವಸ್ತು ಎಂಬ ಅರ್ಥ ಕೊಟ್ಟಿದ್ದಾರೆ. ‘ಇವರಿಗೆ ಟಿಕೆಟ್ ದೂರದ ಬೆಟ್ಟ!’ ಸಿಗಲಾರದ್ದಕ್ಕೆ ಗಗನಕುಸುಮ ಇದೆಯಲ್ಲ ಸ್ವಾಮಿ, ಅದನ್ನೂ ಬೆಟ್ಟವನ್ನೂ ಯಾಕೆ ಒಂದೇ ಗೂಟಕ್ಕೆ ಕಟ್ಟುತ್ತೀರಿ?

ಇರಲಿ. ಈ ಗಾದೆಗೆ ಜಗತ್ತಿನಲ್ಲಿ ಅತಿ ದೊಡ್ಡ ಭಾಷ್ಯ ಬರೆದವನು ಇಟಲಿಯವನು. 1609ರ ಕೊನೆಯಲ್ಲಿ ಗೆಲಿಲಿಯೊ ತನ್ನ ಕೊಳವೆಯನ್ನು ಚಂದ್ರನತ್ತ ತಿರುಗಿಸಿದ. ಚಂದ್ರ ಕಲೆಯಿಲ್ಲದ ನುಣುಪು ಗೋಳ ಎಂದು ಅಲ್ಲಿನ ಪಂಡಿತರು ಶತಮಾನಗಳಿಂದ ಹೇಳಿಕೊಂಡು ಬಂದಿದ್ದರು. ಇವನು ನೋಡಿದರೆ ಬೆಟ್ಟ, ಹಳ್ಳ, ಬೆಟ್ಟದ ಮಗ್ಗುಲಲ್ಲಿ ಅದರ ನೆರಳು. 1610ರಲ್ಲಿ ಪುಸ್ತಕ ಬರೆದು ಹೇಳಿಯೂ ಬಿಟ್ಟ. ಆಮೇಲೆ ಸೂರ್ಯನ ಮೈಮೇಲಿನ ಕಲೆಗಳನ್ನು ಎಣಿಸುತ್ತ ಕೂತ. ದುರ್ಬೀನು ಹಾಕಿ ತಪ್ಪು ಹುಡುಕುವುದು ಎಂದರೆ ಇದೇ ಅಲ್ಲವೇ ಮೇಷ್ಟರೇ? ಅತ್ತೆಯ ಸ್ವಭಾವ ಇದ್ದ ಮನುಷ್ಯ ಆತ. ‘ದೂರದರ್ಶಕ’ ಎಂಬ ಸಂಭಾವಿತ ಪದಕ್ಕೆ ಈ ಕೆಲಸ ಒಪ್ಪುವುದಿಲ್ಲ. ಅದು ದರ್ಶನ ಮಾಡಿಸುತ್ತದೆ. ದರ್ಶನಕ್ಕೆ ಹೋದವರು ಕಣ್ಣು ಮುಚ್ಚಿಕೊಳ್ಳುತ್ತಾರೆ.

ಆ ಪದದ ಇನ್ನೊಂದು ಕೊರತೆ, ಅದಕ್ಕೊಂದು ಕ್ರಿಯಾಪದ ಇಲ್ಲ. ದುರ್ಬೀನನ್ನು ಹಾಕುತ್ತೇವೆ, ಹಿಡಿಯುತ್ತೇವೆ. ದೂರದರ್ಶಕದ ಮೂಲಕ ‘ವೀಕ್ಷಿಸಲಾಗುತ್ತದೆ’. ಯಾರು ವೀಕ್ಷಿಸಿದರು ಎಂದು ಕೇಳಿದರೆ ಉತ್ತರವಿಲ್ಲ. ಯಾರನ್ನಾದರೂ ಬೈಯಲು ಬಾರದ ಪದವನ್ನು ನಾನು ಕನ್ನಡದ್ದೆಂದು ಸುಲಭವಾಗಿ ಒಪ್ಪುವವನಲ್ಲ. ‘ಅವ್ಳು ದೂರದರ್ಶಕ ಹಾಕ್ಕಂಡು ಕುಂತವ್ಳೆ’ ಎಂದು ಗುಬ್ಬಿಯಲ್ಲಿ ಹೇಳಿ ನೋಡಿ, ಟಿ.ವಿ. ಹಚ್ಚಿಕೊಂಡು ಕೂತಿದ್ದಾಳೆ ಎಂದೇ ತಿಳಿಯುತ್ತಾರೆ. ಅದು ಅವರ ತಪ್ಪಲ್ಲ, ದರ್ಶನ-ದರ್ಶಕದ ನಡುವಿನ ಗೋಡೆ ಅಷ್ಟು ತೆಳ್ಳಗಿದೆ.

ಬೆಟ್ಟಕ್ಕೆ ವಾಪಸು ಬರೋಣ. ದುರ್ಬೀನು ಇಟ್ಟವರು ಯಾವಾಗಲೂ ಎತ್ತರ ಹುಡುಕಿದವರೇ. ಬುರುಜಿನವನಿಗೆ ಶತ್ರುವಿಗಾಗಿ ಎತ್ತರ ಬೇಕಿತ್ತು, ಖಗೋಳದವರಿಗೆ ಗಾಳಿಯಿಂದ ತಪ್ಪಿಸಿಕೊಳ್ಳಲು. ಚುಕ್ಕೆ ಮಿನುಗುತ್ತದೆ ಎಂದು ನಮ್ಮ ಕವಿಗಳು ಖುಷಿಪಟ್ಟರೆ ಅವರು ತಲೆಚಚ್ಚಿಕೊಳ್ಳುತ್ತಾರೆ, ಏಕೆಂದರೆ ಮಿನುಗು ಚುಕ್ಕೆಯದಲ್ಲ, ನಡುವೆ ಕದಡುವ ಗಾಳಿಯದು. ದೇವರಾಯನದುರ್ಗದ ಸುಮಾರು 1,200 ಮೀಟರ್ ಅವರಿಗೆ ಏತಕ್ಕೂ ಸಾಲದು. ಲಡಾಖಿನ ಹಾನ್ಲೆಗೆ, ನಾಲ್ಕೂವರೆ ಸಾವಿರ ಮೀಟರ್ ಎತ್ತರಕ್ಕೆ ಹೋದರು. ಅಲ್ಲಿಗೂ ನಕ್ಷತ್ರಗಳ ಅತಿನೇರಳೆ ಬೆಳಕಿನ ಬಹುಪಾಲು ಇಳಿಯುವುದಿಲ್ಲ, ಓಜೋನ್ ಪದರ ತಡೆದುಬಿಡುತ್ತದೆ. ಆದ್ದರಿಂದ 2015ರ ಸೆಪ್ಟೆಂಬರ್ 28ರಂದು ಶ್ರೀಹರಿಕೋಟದಿಂದ ಆಸ್ಟ್ರೋಸ್ಯಾಟ್ ಹಾರಿಸಿ ಭೂಮಿಯಿಂದ 650 ಕಿಲೋಮೀಟರ್ ಮೇಲೆ ಇಟ್ಟರು. ಅದರ ದಾರಿ ಸಮಭಾಜಕಕ್ಕೆ ಅಂಟಿಕೊಂಡಂತಿದೆ, ಓರೆ ಆರೇ ಡಿಗ್ರಿ. ಹಾಗಾಗಿ ದುರ್ಗದ ನೆತ್ತಿಯ ಮೇಲೆ ಅದು ಎಂದೂ ಹಾಯುವುದಿಲ್ಲ, ದಕ್ಷಿಣಕ್ಕೆ ತಗ್ಗಿನಲ್ಲೇ ಸಾಗುತ್ತದೆ.

ಅದರೊಳಗಿನ ಅತಿನೇರಳೆ ದುರ್ಬೀನು (ಹೌದು, ದುರ್ಬೀನೇ) ಜೋಡಿಯಾದದ್ದು ನಮ್ಮ ಹೊಸಕೋಟೆಯಲ್ಲಿ, ಭಾರತೀಯ ಖಭೌತ ಸಂಸ್ಥೆಯ ಪ್ರಯೋಗಾಲಯದಲ್ಲಿ. ಎರಡು ಕೊಳವೆ, ಒಂದೊಂದರ ಕನ್ನಡಿ 375 ಮಿಲಿಮೀಟರ್ ಅಗಲ, ಉಣ್ಣುವ ಮುತ್ತುಗದ ಎಲೆಯಷ್ಟು. ಆ ಎಲೆಯ ಮಡಿ ಮಾತ್ರ ನಮ್ಮ ಅಜ್ಜಿಯರನ್ನೂ ಮೀರಿಸಿದ್ದು. ಅತಿನೇರಳೆ ಬೆಳಕನ್ನು ಹೀರಿಬಿಡಲು ಕನ್ನಡಿಯ ಮೇಲೆ ಕಾಣದಷ್ಟು ತೆಳ್ಳನೆಯ ಎಣ್ಣೆಪಸೆ ಸಾಕು. ಅದಕ್ಕೇ ಧೂಳಿಲ್ಲದ ಕೋಣೆಯಲ್ಲಿ, ಬಾಯಿ ತಲೆ ಮುಚ್ಚಿಕೊಂಡು ಕೆಲಸ. ಮೇಲೆ ಹೋದ ಮೇಲೂ ಉಪಗ್ರಹದ ಮೈಯಿಂದ ಸೋರುವ ಆವಿ ಕನ್ನಡಿಗೆ ತಗುಲೀತೆಂದು ಎರಡು ತಿಂಗಳು ಮುಚ್ಚಳ ತೆಗೆಯಲಿಲ್ಲ. ನವೆಂಬರ್ ಕೊನೆಗೆ ಬಾಗಿಲು ತೆರೆದರು. ಹೊಸ ಮೊಬೈಲಿನ ಡಬ್ಬಿಯನ್ನು ಅಂಗಡಿಯ ಮೆಟ್ಟಿಲ ಮೇಲೇ ಹರಿಯುವ ನಮ್ಮ ಪೈಕಿ ಯಾರಿಗೂ ಆ ಎರಡು ತಿಂಗಳ ಸಂಯಮ ಅರ್ಥವಾಗಲಾರದು.

ಈ ಎಲೆಯಗಲದ ಕನ್ನಡಿ ಮಾಡಿದ ಕೆಲಸ ಸಣ್ಣದಲ್ಲ. ಪುಣೆಯ ಖಗೋಳವಿಜ್ಞಾನಿ ಕನಕ್ ಸಾಹಾ ಮತ್ತು ಸಂಗಡಿಗರು ಅದನ್ನು ಆಕಾಶದ ಒಂದೇ ಚೂರಿನ ಮೇಲೆ ಒಟ್ಟು 28 ಗಂಟೆ ನೆಡಿಸಿ, 930 ಕೋಟಿ ಜ್ಯೋತಿರ್ವರ್ಷ ಆಚೆಗಿನ ಗೆಲಾಕ್ಸಿಯೊಂದರಿಂದ ಹೊರಟ ತೀಕ್ಷ್ಣ ಅತಿನೇರಳೆ ಬೆಳಕನ್ನು ಹಿಡಿದರು. 2.4 ಮೀಟರ್ ಕನ್ನಡಿಯ ಹಬಲ್ ದುರ್ಬೀನಿಗೂ ಆ ಬೆಳಕು ದಕ್ಕಿರಲಿಲ್ಲ. 2020ರಲ್ಲಿ ಸುದ್ದಿ ಹೊರಬಿತ್ತು. ಆಸ್ಟ್ರೋಸ್ಯಾಟ್ ಕಳಿಸಿದ ಮಾಹಿತಿ ಬೆಂಗಳೂರು ಪಕ್ಕದ ಬ್ಯಾಲಾಳುವಿನ ದತ್ತಾಂಶ ಕೇಂದ್ರದಲ್ಲಿದೆ. ‘ದತ್ತಾಂಶ’ ಎಂದರೆ ಡೇಟಾ. ಅದರ ಬಗ್ಗೆ ಇನ್ನೊಮ್ಮೆ ಜಗಳ ಮಾಡೋಣ.

ಹಬಲ್ ಕತೆಯಲ್ಲಿ ನಮ್ಮ ಗಾದೆಯೇ ತಲೆಕೆಳಗಾಗಿ ನಿಂತಿದೆ. 1990ರ ಏಪ್ರಿಲ್‌ನಲ್ಲಿ ಮೇಲೆ ಹೋದ ಆ ಕನ್ನಡಿ ಅತಿ ನುಣ್ಣಗಿತ್ತು, ಹತ್ತಿರದಿಂದಲೂ ನುಣ್ಣಗೆ. ಆದರೆ ಉಜ್ಜುವಾಗ ಆಕಾರ ಪರೀಕ್ಷಿಸುವ ಉಪಕರಣದಲ್ಲಿ ಒಂದು ಮಸೂರ 1.3 ಮಿಲಿಮೀಟರ್ ಜರುಗಿ ಕೂತಿತ್ತು. ಅದನ್ನು ನಂಬಿ ಉಜ್ಜಿದವರು ಕನ್ನಡಿಯ ಅಂಚನ್ನು ಕೂದಲಿನ ಐವತ್ತನೇ ಒಂದು ಭಾಗದಷ್ಟು ಹೆಚ್ಚು ಚಪ್ಪಟೆ ಮಾಡಿದರು. ತಪ್ಪನ್ನೇ ಬಹಳ ನಯವಾಗಿ ಮಾಡಿದ್ದರು. ಚಿತ್ರಗಳೆಲ್ಲ ಮಸುಕು. 1993ರ ಡಿಸೆಂಬರಿನಲ್ಲಿ ಗಗನಯಾತ್ರಿಗಳು ಹೋಗಿ, ಆ ದೋಷ ಸರಿಪಡಿಸುವ ಪುಟ್ಟ ಕನ್ನಡಿಗಳನ್ನು ಕೂಡಿಸಿ ಬಂದರು. ದುರ್ಬೀನಿಗೇ ಕನ್ನಡಕ! 2021ರ ಕ್ರಿಸ್‌ಮಸ್ ದಿನ ಹೊರಟ ಜೇಮ್ಸ್ ವೆಬ್ ವಿಷಯದಲ್ಲಿ ಆ ಅನುಕೂಲವೂ ಇಲ್ಲ, 15 ಲಕ್ಷ ಕಿಲೋಮೀಟರ್ ದೂರಕ್ಕೆ ರಿಪೇರಿಯವರು ಹೋಗುವುದಿಲ್ಲ. ಚಿನ್ನ ಲೇಪಿಸಿದ 18 ತುಂಡುಗಳ ಆರೂವರೆ ಮೀಟರ್ ಕನ್ನಡಿಯನ್ನು ಮಡಿಚಿ ಕಳಿಸಿದ್ದು, ಅಲ್ಲಿ ಸರಿಯಾಗಿ ಬಿಚ್ಚಿಕೊಂಡಿತು. ಬಿಚ್ಚಿಕೊಂಡ ಕೂಡಲೇ ತಪ್ಪು ಹುಡುಕಲು ಶುರುಮಾಡಿತು: ಅಷ್ಟು ಹಳೆಯ ಕಾಲದಲ್ಲಿ ಅಷ್ಟು ಪ್ರಕಾಶದ ಗೆಲಾಕ್ಸಿಗಳು ಅಷ್ಟೊಂದು ಇರುತ್ತವೆಂದು ಯಾರ ಲೆಕ್ಕವೂ ಹೇಳಿರಲಿಲ್ಲ. ಪಂಡಿತರು ಈಗ ಲೆಕ್ಕ ತಿದ್ದುತ್ತ ಕೂತಿದ್ದಾರೆ.

ಇವೆಲ್ಲವನ್ನೂ ನಮ್ಮ ಹುಡುಗರು ಒಂದೇ ಪದದಲ್ಲಿ ಮುಗಿಸುತ್ತಾರೆ: ಜೂಮ್. ದುರ್ಗದ ಮೇಲಿನ ಗಾಳಿಯಲ್ಲಿ ತುಂಬಿರುವುದು ಈಗ ಅದೇ, “ಜೂಮ್ ಹಾಕೋ ಮಚ್ಚಾ.” (‘ಹಾಕು’ ಉಳಿದಿದೆ ನೋಡಿ, ದುರ್ಬೀನು ಹೋದರೂ ಅದರ ಕ್ರಿಯಾಪದ ಹೋಗಿಲ್ಲ.) ಕೆಳಗೆ ನಾಮದ ಚಿಲುಮೆಯ ಹತ್ತಿರ ಹಳದಿ ಕತ್ತಿನ ಪಿಕಳಾರ ಹುಡುಕುವ ಪಕ್ಷಿಪ್ರೇಮಿಗಳಿಗೆ ದುರ್ಬೀನು ‘ಬೈನಾಕ್ಸ್’. ವೆಬ್ ಜೂಮ್ ಹಾಕಿ ನೋಡುತ್ತದೆ ಎಂದುಕೊಂಡವರಿಗೆ ನನ್ನ ಒಂದು ತಕರಾರು. ದೊಡ್ಡ ಕನ್ನಡಿಯ ಮೊದಲ ಕೆಲಸ ಹಿಗ್ಗಿಸುವುದಲ್ಲ, ಬೆಳಕು ಕೂಡಿಸುವುದು. ಹನಿ ಹನಿಯಾಗಿ ಬರುವ ಹಳೇ ಬೆಳಕನ್ನು ಗಂಟೆಗಟ್ಟಲೆ ಹಿಡಿದು ಸೇರಿಸುವ ತಾಳ್ಮೆಗೆ ಎರಡು ಬೆರಳು ಅಗಲಿಸುವ ಚಪಲದ ಹೆಸರಿಡಬಾರದು. ಅನುಮಾನದಿಂದ ಕಣ್ಣು ನೆಟ್ಟು ಕೂರುವ ಅತ್ತೆಗೆ ಆ ತಾಳ್ಮೆ ಇದೆ.

ನಾಸಾದ ಸರದಿಯಲ್ಲಿ ಮುಂದಿರುವುದು ನ್ಯಾನ್ಸಿ ಗ್ರೇಸ್ ರೋಮನ್ ಹೆಸರಿನ ದುರ್ಬೀನು. ಆಕೆ ನಾಸಾದ ಮೊದಲ ಖಗೋಳ ಮುಖ್ಯಸ್ಥೆ, ಹಬಲ್‌ಗಾಗಿ ಓಡಾಡಿದವರು. ನಮ್ಮ ಪತ್ರಿಕೆಗಳು ಜಾಗ ಉಳಿಸಲು ‘ರೋಮನ್ ದೂರದರ್ಶಕ’ ಎಂದು ತಲೆಬರಹ ಕೊಡುವುದು ಖಾತ್ರಿ. ರೋಮಿನವರು ಟಿ.ವಿ. ಬೇರೆ ಕಂಡುಹಿಡಿದಿದ್ದರೇ ಎಂದು ಗುಬ್ಬಿಯಲ್ಲಿ ಯಾರಾದರೂ ಕೇಳಿದರೆ ಮೇಷ್ಟರೇ ಉತ್ತರ ಕೊಡಲಿ.