ಹಳೇ ಮಾರುತಿ 800 ನಮ್ಮೂರಲ್ಲಿ ಇನ್ನೂ ಯಾಕೆ ಓಡುತ್ತಿದೆ?

ಸಂತೆ ದಿನ ತಿಪಟೂರು, ಅರಸೀಕೆರೆ ಕಡೆಯ ಯಾವುದೇ ಪೇಟೆಯಲ್ಲಿ ನಿಂತು ನೋಡಿ. ಬಣ್ಣ ಮಾಸಿದ ಮಾರುತಿ 800 ಒಂದಾದರೂ ಕಣ್ಣಿಗೆ ಬೀಳುತ್ತದೆ. ಹಿಂದಿನ ಸೀಟು ಮಡಚಿ ಹಿಂಡಿ ಚೀಲ ಹಾಕಿಕೊಂಡಿರುತ್ತದೆ. ಕಂಪನಿ ಈ ಕಾರು ಮಾಡುವುದನ್ನು ಬಿಟ್ಟು ಹತ್ತು ವರ್ಷದ ಮೇಲಾಯಿತು. ಆದರೂ ಕಡಿಮೆ ದುಡ್ಡಿನಲ್ಲಿ ಮನೆಗೊಂದು ಕಾರು ಬೇಕು ಅನ್ನುವವರು ಇಂದಿಗೂ ಇದನ್ನೇ ಹುಡುಕುತ್ತಾರೆ. ಇದಕ್ಕೆ ಕಾರಣ ಇದರ ಇತಿಹಾಸದಲ್ಲೇ ಇದೆ.

1980ರ ದಶಕದ ಆರಂಭದವರೆಗೂ ನಮ್ಮ ದೇಶದಲ್ಲಿ ಕಾರು ಅಂದರೆ ಮುಖ್ಯವಾಗಿ ಎರಡೇ. ಒಂದು ಅಂಬಾಸಿಡರ್, ಇನ್ನೊಂದು ಫಿಯೆಟ್ ಎಂದೇ ಜನ ಕರೆಯುತ್ತಿದ್ದ ಪ್ರೀಮಿಯರ್ ಪದ್ಮಿನಿ. ದುಡ್ಡು ಕಟ್ಟಿದವರೂ ವರ್ಷಗಟ್ಟಲೆ ಕಾಯಬೇಕಿತ್ತು. ಸರ್ಕಾರ 1981ರಲ್ಲಿ ಮಾರುತಿ ಉದ್ಯೋಗ್ ಎಂಬ ಕಂಪನಿ ಕಟ್ಟಿತು. 1982ರಲ್ಲಿ ಜಪಾನಿನ ಸುಜುಕಿ ಜೊತೆ ಒಪ್ಪಂದ ಆಯಿತು. 1983ರ ಡಿಸೆಂಬರ್ 14ರಂದು ಪ್ರಧಾನಿ ಇಂದಿರಾ ಗಾಂಧಿ ಮೊದಲ ಕಾರಿನ ಕೀಲಿಯನ್ನು ದೆಹಲಿಯ ಹರ್ಪಾಲ್ ಸಿಂಗ್ ಕೈಗೆ ಕೊಟ್ಟರು. ಆಗ ಬೆಲೆ ಸುಮಾರು 48,000 ರೂಪಾಯಿ. ಹರ್ಪಾಲ್ ಸಿಂಗ್ ಆ ಕಾರನ್ನು ಮಾರಲೇ ಇಲ್ಲ. 2010ರಲ್ಲಿ ತೀರಿಕೊಳ್ಳುವ ತನಕ ಅದನ್ನೇ ಇಟ್ಟುಕೊಂಡಿದ್ದರು. ಹಳೇ 800 ಕಾಪಾಡಿಕೊಂಡು ಬಂದವರ ಪಟ್ಟಿಯಲ್ಲೂ ಮೊದಲ ಹೆಸರು ಅವರದೇ ಅನ್ನಬಹುದು.

ಕಾರಿನ ಒಳಗಿದ್ದದ್ದು ಮೂರು ಸಿಲಿಂಡರಿನ 796 ಸಿಸಿ ಪೆಟ್ರೋಲ್ ಎಂಜಿನ್. ಚಕ್ರ 12 ಇಂಚಿನವು. ಮೊದಮೊದಲು ಬಹುಪಾಲು ಭಾಗಗಳು ಜಪಾನಿನಿಂದ ಬರುತ್ತಿದ್ದವು. ಆಮೇಲೆ ವರ್ಷ ವರ್ಷವೂ ಇಲ್ಲೇ ತಯಾರಾಗುವ ಭಾಗಗಳು ಹೆಚ್ಚಿದವು. ಬಿಡಿಭಾಗ ಮಾಡುವ ಸಣ್ಣ ದೊಡ್ಡ ಕಾರ್ಖಾನೆಗಳು ಬೆಳೆದವು.

1986ರಲ್ಲಿ ಕಾರಿನ ಆಕಾರ ಬದಲಾಯಿತು. ಈಗ ನಾವು ರಸ್ತೆಯಲ್ಲಿ ನೋಡುವ 800 ಅದೇ. ಆಮೇಲೆ ದೀಪ, ಬಂಪರ್, ಡ್ಯಾಶ್‌ಬೋರ್ಡ್ ಬದಲಾದವು. 2000ರ ಆಸುಪಾಸಿನಲ್ಲಿ ಕಾರ್ಬುರೇಟರ್ ಹೋಗಿ ಎಂಪಿಎಫ್ಐ ಬಂತು. ಆದರೆ ಮೂಲ ಕಾರು ಅದೇ ಉಳಿಯಿತು. 2014ರ ಜನವರಿಯಲ್ಲಿ ತಯಾರಿಕೆ ನಿಲ್ಲುವ ಹೊತ್ತಿಗೆ 25 ಲಕ್ಷಕ್ಕೂ ಹೆಚ್ಚು ಕಾರು ಮಾರಾಟ ಆಗಿದ್ದವು.

ಅಗ್ಗದ ನಿರ್ವಹಣೆಯ ಗುಟ್ಟು ಇಲ್ಲಿದೆ. 28 ವರ್ಷ ಒಂದೇ ನಮೂನೆಯ ಕಾರು ಅಂದರೆ, ಗ್ಯಾರೇಜಿನಲ್ಲಿ ಸ್ಪ್ಯಾನರ್ ಹಿಡಿದು ಕೆಲಸ ಕಲಿತ ಹುಡುಗ ಮುಂದೆ ತನ್ನ ಮಗನಿಗೂ ಅದೇ ಕಾರಿನ ಮೇಲೆ ಕೆಲಸ ಕಲಿಸುವಷ್ಟು ಕಾಲ. ತಾಲ್ಲೂಕು ಕೇಂದ್ರದ ಬಿಡಿಭಾಗದ ಅಂಗಡಿಯವನು ಕ್ಲಚ್ ಪ್ಲೇಟ್, ಬ್ರೇಕ್ ಶೂ, ಫ್ಯಾನ್ ಬೆಲ್ಟ್ ಧೈರ್ಯವಾಗಿ ತಂದಿಡಬಹುದಿತ್ತು, ಯಾಕೆಂದರೆ ಇವತ್ತಲ್ಲ ನಾಳೆ ಕೇಳುವವರು ಬಂದೇ ಬರುತ್ತಿದ್ದರು. ಹಳ್ಳಿ ರಸ್ತೆಯಲ್ಲಿ ಕೆಟ್ಟರೂ ಕಂಪ್ಯೂಟರ್ ಬೇಡ. ಕಾರ್ಬುರೇಟರ್ ಇರುವ ಗಾಡಿಯಾದರೆ ಅರ್ಧ ರೋಗ ಕಣ್ಣಿಗೇ ಕಾಣುತ್ತದೆ.

ಇನ್ನೊಂದು ಅನುಕೂಲವೂ ಇತ್ತು. ಇದೇ 796 ಸಿಸಿ ಎಂಜಿನ್ ಓಮ್ನಿ ವ್ಯಾನಿನಲ್ಲೂ ಇತ್ತು. ಓಮ್ನಿ 2019ರವರೆಗೂ ತಯಾರಾಯಿತು. ಹಾಗಾಗಿ ಎಂಜಿನ್ ಸಾಮಾನಿಗೆ ಇನ್ನೂ ದೊಡ್ಡ ತೊಂದರೆ ಇಲ್ಲ. ಬಾಡಿ ಸಾಮಾನಿನ ಕಥೆ ಬೇರೆ. ಬಾಗಿಲು, ಗಾಜು, ಲ್ಯಾಂಪ್ ಬೇಕೆಂದರೆ ಗುಜರಿ ಅಂಗಡಿಗಳನ್ನು ಸುತ್ತಬೇಕಾಗುತ್ತದೆ.

ನಮ್ಮಂಥ ಊರುಗಳಿಗೆ ಈ ಕಾರು ಬಂದದ್ದರ ಹಿಂದೆ ಕಾನೂನಿನ ಪಾತ್ರವೂ ಇದೆ. 2010ರ ಏಪ್ರಿಲ್‌ನಲ್ಲಿ ಬೆಂಗಳೂರೂ ಸೇರಿ 13 ನಗರಗಳಲ್ಲಿ ಬಿಎಸ್ 4 ಹೊಗೆ ನಿಯಮ ಬಂತು. 800 ಆ ನಿಯಮಕ್ಕೆ ಹೊಂದುವಂತಿರಲಿಲ್ಲ, ಅಲ್ಲಿ ಮಾರಾಟ ನಿಂತಿತು. ಕೊನೆಯ ನಾಲ್ಕು ವರ್ಷ ಹೊಸ 800 ಸಿಗುತ್ತಿದ್ದದ್ದು ಉಳಿದ ಊರುಗಳಲ್ಲಿ ಮಾತ್ರ. ರಾಜಧಾನಿಯ ಕಾರಾಗಿ ಹುಟ್ಟಿದ್ದು ಸಣ್ಣ ಪೇಟೆಯ ಕಾರಾಗಿ ಮುಗಿಯಿತು.

ಈಗ ಇಟ್ಟುಕೊಂಡಿರುವವರು ಏನು ನೋಡಬೇಕು? ನಾವು ಮಾತಾಡಿಸಿದ ಮೆಕ್ಯಾನಿಕ್‌ಗಳೆಲ್ಲ ಮೊದಲು ಹೇಳುವುದು ನೀರಿನ ವಿಷಯ. ರೇಡಿಯೇಟರ್ ನೀರು, ಹೋಸ್ ಪೈಪು, ಫ್ಯಾನು ಸರಿ ಇರಬೇಕು. ಎಂಜಿನ್ ಒಮ್ಮೆ ಜೋರಾಗಿ ಹೀಟ್ ಆದರೆ ಹೆಡ್ ಗ್ಯಾಸ್ಕೆಟ್ ಹೋಗುತ್ತದೆ. ಸಣ್ಣ ಪೈಪಿಗೆ ದುಡ್ಡು ಉಳಿಸಲು ಹೋಗಿ ಎಂಜಿನ್ ಬಿಚ್ಚಿಸುವ ಖರ್ಚು ಬೀಳುತ್ತದೆ. ಎರಡನೆಯದು ಟೈಮಿಂಗ್ ಬೆಲ್ಟ್. ಹಿಂದಿನ ಓನರ್ ಯಾವಾಗ ಹಾಕಿಸಿದ್ದರೋ ಗೊತ್ತಿಲ್ಲದಿದ್ದರೆ ಹೊಸದು ಹಾಕಿಸಿಬಿಡುವುದೇ ಲೇಸು. ಮೂರನೆಯದು ತುಕ್ಕು. ಮ್ಯಾಟ್ ಎತ್ತಿ ನೆಲದ ತಗಡು ನೋಡಿ. ಎಂಜಿನ್ ರಿಪೇರಿ ಆಗುತ್ತದೆ, ತಗಡು ಪೂರ್ತಿ ತಿಂದುಹೋದರೆ ಗಾಡಿ ಮುಗಿದಂತೆ.

ಆದರೆ ಹಳ್ಳಿಯಲ್ಲಿ ಹೆಚ್ಚು ಕಾರುಗಳು ನಿಂತುಹೋಗುತ್ತಿರುವುದು ಎಂಜಿನ್ ಕೆಟ್ಟು ಅಲ್ಲ, ಕಾಗದ ಕೆಟ್ಟು. 15 ವರ್ಷ ಆದ ಮೇಲೆ ನೋಂದಣಿ ನವೀಕರಿಸಬೇಕು. ನಮ್ಮ ಕಡೆ ಎಫ್‌ಸಿ ಮಾಡಿಸುವುದು ಅನ್ನುತ್ತಾರಲ್ಲ, ಅದೇ. ಫಾರಂ 25 ಕೊಟ್ಟು, ಗಾಡಿ ತೋರಿಸಿ ಪಾಸಾದರೆ ಮತ್ತೆ 5 ವರ್ಷ. ಮೊದಲು 600 ರೂಪಾಯಿ ಇದ್ದ ಕಾರಿನ ನವೀಕರಣ ಶುಲ್ಕ 2022ರ ಏಪ್ರಿಲ್‌ನಿಂದ 5,000 ಆಯಿತು. 2025ರ ಆಗಸ್ಟ್‌ನಲ್ಲಿ, 20 ವರ್ಷ ದಾಟಿದ ಕಾರಿಗೆ 10,000 ಎಂದು ಕೇಂದ್ರ ಸರ್ಕಾರ ಆದೇಶ ಮಾಡಿತು. ಹಸಿರು ತೆರಿಗೆ, ಇನ್ಶೂರೆನ್ಸ್ ಬೇರೆ. ಅಗ್ಗಕ್ಕೆ ಸಿಕ್ಕಿತೆಂದು ಕೊಂಡವರಿಗೆ ಇದು ಸಣ್ಣ ಮೊತ್ತ ಅಲ್ಲ.

ಅದಕ್ಕಿಂತ ದೊಡ್ಡ ತೊಡಕು ಹೆಸರಿನದು. ಕಾರು ನಾಲ್ಕು ಕೈ ಬದಲಾಗಿರುತ್ತದೆ, ಆರ್‌ಸಿ ಮಾತ್ರ ಮೊದಲ ಓನರ್ ಹೆಸರಿನಲ್ಲೇ ಇರುತ್ತದೆ. ಫಾರಂ 29, 30 ಸಹಿ ಮಾಡಿಸಿಕೊಳ್ಳದೆ ಬಾಯಿಮಾತಿನಲ್ಲಿ ವ್ಯಾಪಾರ ಮುಗಿದಿರುತ್ತದೆ. ಎಫ್‌ಸಿ ದಿನ ಬಂದಾಗ ಆ ಮನುಷ್ಯ ಎಲ್ಲಿದ್ದಾರೋ, ಇದ್ದಾರೋ ಇಲ್ಲವೋ. ಅಪಘಾತ ಆದರಂತೂ ಕೊಟ್ಟವರಿಗೂ ಕೊಂಡವರಿಗೂ ಕೋರ್ಟು ತಪ್ಪಿದ್ದಲ್ಲ.

ದೆಹಲಿಯಲ್ಲಿ ಹಳೇ ಕಾರುಗಳಿಗೆ ನಿರ್ಬಂಧ ಬಂದ ಸುದ್ದಿ ತೋರಿಸಿ, ಇಲ್ಲೂ ಹಾಗೇ ಆಗುತ್ತದೆ ಎಂದು ಹೆದರಿಸಿ ಗುಜರಿ ಬೆಲೆಗೆ ಕೇಳುವ ದಲ್ಲಾಳಿಗಳೂ ಇದ್ದಾರೆ. ಅದು ದೆಹಲಿ ಮತ್ತು ಅದರ ಸುತ್ತಮುತ್ತಲಿಗೆ ಬಂದ ಆದೇಶ. 15 ವರ್ಷ ಆಯಿತೆಂಬ ಒಂದೇ ಕಾರಣಕ್ಕೆ ನಮ್ಮ ಜಿಲ್ಲೆಗಳಲ್ಲಿ ಕಾರು ಗುಜರಿಗೆ ಹಾಕಬೇಕಿಲ್ಲ. ಎಫ್‌ಸಿ ಪಾಸಾದರೆ ಓಡಿಸಬಹುದು.

ಕೊನೆಯ 800 ತಯಾರಾದದ್ದು 2014ರಲ್ಲಿ. ಅಂದರೆ 2029ರ ಹೊತ್ತಿಗೆ ಉಳಿದಿರುವ ಹೆಚ್ಚುಕಡಿಮೆ ಎಲ್ಲಾ 800ಗಳೂ 15 ವರ್ಷ ದಾಟಿರುತ್ತವೆ. ಯಾವುದು ಉಳಿಯುತ್ತದೆ ಅನ್ನುವುದನ್ನು ಮೆಕ್ಯಾನಿಕ್ ಕೈಚಳಕದಷ್ಟೇ ಆರ್‌ಸಿಯಲ್ಲಿರುವ ಹೆಸರೂ ತೀರ್ಮಾನಿಸುತ್ತದೆ. ನಿಮ್ಮ ಮನೆಯಲ್ಲೂ ಒಂದಿದ್ದರೆ ಆರ್‌ಸಿ ತೆಗೆದು ಹೆಸರು ಯಾರದು, ವಾಯಿದೆ ಎಂದಿಗೆ ಮುಗಿಯುತ್ತದೆ, ಎರಡನ್ನೂ ನೋಡಿಟ್ಟುಕೊಳ್ಳಿ. ಬರೆದುಕೊಟ್ಟವರು ಇನ್ನೂ ಕೈಗೆ ಸಿಗುವಾಗಲೇ ಹೆಸರು ಬದಲಾಯಿಸಿಕೊಳ್ಳಿ.